ಚಂದ್ರನಿಗೆ ಎಷ್ಟು ಮಾರು ಹಗ್ಗ?

ನನ್ನ ಕೈಚೀಲದಲ್ಲಿ ಒಂದು ಮಾರು ಹುರಿಹಗ್ಗ ಇದೆ. ಮೊನ್ನೆ ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿ, ಕನ್ನಡಕಕ್ಕೆಂದು ಚೀಲದೊಳಗೆ ಕೈ ಹಾಕಿದರೆ ಮೊದಲು ಹೊರಗೆ ಬಂದದ್ದು ಅದೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ಹಗ್ಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಎಂತ ಟೀಚರ್, ದನ ತಪ್ಪಿಸಿಕೊಂಡಿತಾ?"

"ಇಲ್ಲ, ಇದು ಚಂದ್ರನಿಗೆ" ಎಂದೆ.

ಅವರು ಕಿಟಕಿಯ ಕಡೆಗೆ ಒಂದು ಗೇಣು ಸರಿದು ಕೂತರು. ಮುಂಡಾಜೆ ಬರುವವರೆಗೆ ಮತ್ತೆ ಮಾತಾಡಲಿಲ್ಲ. ನಾನೂ ವಿವರಿಸಲು ಹೋಗಲಿಲ್ಲ. ಬೆಳ್ತಂಗಡಿಯಿಂದ ಮುಂಡಾಜೆಯಷ್ಟು ದಾರಿಯಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲ. ನಿಮಗಾದರೆ ಸ್ವಲ್ಪ ಪುರುಸೊತ್ತು ಇರುವ ಹಾಗೆ ಕಾಣುತ್ತದೆ, ಹೇಳುತ್ತೇನೆ.

ಬಂಟ್ವಾಳ ಪೇಟೆಯಲ್ಲಿ ನಮ್ಮದು ಹಗ್ಗದ ಅಂಗಡಿ. 'ಪೇಟೆ' ಎಂಬುದನ್ನು ಒತ್ತಿ ಹೇಳಬೇಕು. ಈಗಿನವರು ಬಂಟ್ವಾಳ ಎಂದರೆ ಬಿ.ಸಿ. ರೋಡ್ ಎಂದುಕೊಂಡಿದ್ದಾರೆ. ಬಸ್ಸು, ಕಚೇರಿ, ಹೋಟೆಲು ಎಲ್ಲವೂ ಅಲ್ಲಿ. ನಮ್ಮ ಹಳೆಯ ಪೇಟೆಯ ಹೆಸರು ಪತ್ರಿಕೆಯಲ್ಲಿ ಬರಬೇಕಾದರೆ ನೇತ್ರಾವತಿ ಉಕ್ಕಿ ಅಂಗಡಿಯೊಳಗೆ ಬಂದು ಕೂರಬೇಕು. ನಮಗೆ ಮಕ್ಕಳಿಗೆ ಆ ದಿನಗಳೆಂದರೆ ಭಾರೀ ಖುಷಿ. ಹೊಳೆ ಏರುವ ಸುದ್ದಿ ಬಂದ ಕೂಡಲೇ ಹಗ್ಗದ ಸುರುಳಿಗಳೆಲ್ಲ ಅಟ್ಟ ಹತ್ತುತ್ತಿದ್ದವು, ಅವುಗಳ ಹಿಂದೆ ನಾನು ಮತ್ತು ತಮ್ಮ. ತೆಂಗಿನ ನಾರಿನ ಆ ಘಾಟು ವಾಸನೆಯ ನಡುವೆ, ಒಂದೊಂದು ಸುರುಳಿಯೊಳಗೆ ಒಬ್ಬೊಬ್ಬರು ಕೋಳಿ ಕಾವು ಕೂತ ಹಾಗೆ ಕೂತು, ಕೆಳಗೆ ನೀರು ಎಷ್ಟನೆಯ ಮೆಟ್ಟಿಲಿಗೆ ಬಂತು ಎಂದು ಕೂಗಿ ಹೇಳುವುದು ನಮ್ಮ ಕೆಲಸ. ದೊಡ್ಡವರಿಗೆ ಅದು ಸಂಕಟದ ಸಮಯ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅಂಗಡಿಯಲ್ಲಿ ಹಗ್ಗ ಅಳೆಯುತ್ತಿದ್ದದ್ದು ಮಾರಿನ ಲೆಕ್ಕದಲ್ಲಿ. ಎರಡು ಕೈಗಳನ್ನೂ ಅಗಲವಾಗಿ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟೋ, ಅದು ಒಂದು ಮಾರು. ತೊಂದರೆ ಎಲ್ಲಿ ಎಂದು ನಿಮಗೆ ಆಗಲೇ ಹೊಳೆದಿರಬಹುದು. ನನ್ನ ಅಪ್ಪ ಗಿಡ್ಡ ಆಸಾಮಿ. ಅವರ ಮಾರು ಐದೂಕಾಲು ಅಡಿ. ಅಂಗಡಿಯಲ್ಲಿ ಕೆಲಸಕ್ಕಿದ್ದ ಮೋನಪ್ಪಣ್ಣ ತೆಂಗಿನಮರದಂಥ ಮನುಷ್ಯ, ಅವರು ಕೈ ಚಾಚಿದರೆ ಎರಡೂ ಬದಿಯ ಗೋಡೆಗೆ ತಾಗುತ್ತಿತ್ತು. ಗಿರಾಕಿಗಳು ಅಪ್ಪನ ಕಡೆಗೆ ನೋಡದೆ, "ಮೋನಪ್ಪಣ್ಣ ಇಲ್ವಾ?" ಎಂದು ಕೇಳುತ್ತಿದ್ದರು. ಅಪ್ಪನಿಗೆ ಒಳಗೊಳಗೇ ಉರಿ.

ಒಮ್ಮೆ ಕನ್ಯಾನದ ಒಬ್ಬರು ಬಾವಿಗೆಂದು ಇಪ್ಪತ್ತು ಮಾರು ಹಗ್ಗ ಕೇಳಿದರು. ಅಪ್ಪ ಎಂಟು ಮಾರು ಅಳೆಯುವಾಗ ಯಾರೋ ಕರೆದರೆಂದು ಹೊರಗೆ ಹೋದರು. ಉಳಿದ ಹನ್ನೆರಡನ್ನು ಮೋನಪ್ಪಣ್ಣ ಅಳೆದು ಕೊಟ್ಟರು. ಹಗ್ಗ ಬಾವಿಗೆ ಸರಿಯಾಗಿ ಕೂತಿತು. ಎರಡು ವರ್ಷ ಕಳೆದು ಅದು ಹಳತಾದಾಗ ಅದೇ ಮನುಷ್ಯ ಬಂದು ಅದೇ ಇಪ್ಪತ್ತು ಮಾರು ಕೇಳಿದರು. ಈ ಸಲ ಅಪ್ಪ ಒಬ್ಬರೇ ಅಳೆದರು. ಮೂರನೆಯ ದಿನ ಅವರು ಅಷ್ಟು ದೂರದಿಂದ ಬಸ್ಸಿನಲ್ಲಿ ಹಗ್ಗದ ಸಮೇತ, ಸಾಕ್ಷಿಗೆಂದು ಕೊಡಪಾನವನ್ನೂ ಹಿಡಿದುಕೊಂಡು ಬಂದು ಅಂಗಡಿಯ ಮುಂದೆ ನಿಂತರು. "ನೀರಿಗೆ ಮುಟ್ಟುದಿಲ್ಲ ಧನಿಗಳೇ. ಬಾವಿ ಅದೇ, ಮಾರು ಅದೇ, ಹಗ್ಗ ಮಾತ್ರ ಗಿಡ್ಡ ಆಗಿದೆ."

ಅಂದಿನಿಂದ ಅಂಗಡಿಯಲ್ಲಿ ಒಂದು ಕಾನೂನು ಬಂತು. ಒಬ್ಬರ ಕೈಯಲ್ಲಿ ಸುರುವಾದ ಹಗ್ಗ ಅವರ ಕೈಯಲ್ಲೇ ಮುಗಿಯಬೇಕು. ಅಪ್ಪ ಅಳೆಯುತ್ತಿರುವಾಗ ಸಾಕ್ಷಾತ್ ತಹಶೀಲ್ದಾರರು ಬಂದರೂ ಏಳುತ್ತಿರಲಿಲ್ಲ. ಊಟ ಆರಿದರೂ ಏಳುತ್ತಿರಲಿಲ್ಲ. ಆಮೇಲೆ ಮೀಟರಿನ ಕೋಲು ಬಂತು, ತಮ್ಮ ಅಂಗಡಿ ವಹಿಸಿಕೊಂಡ ಮೇಲೆ ನೈಲಾನ್ ಬಂತು, ಪಂಪಿನ ಪೈಪು ಬಂತು. ಆದರೆ ಎಂಬತ್ತೆರಡು ವರ್ಷದ ಅಪ್ಪ ಈಗಲೂ ಮೂಲೆಯ ಸ್ಟೂಲಿನಲ್ಲಿ ಕೂತು, ಯಾರಾದರೂ ಹುರಿಹಗ್ಗ ಕೇಳಿದರೆ ಕೈ ಚಾಚಲು ತಯಾರಾಗಿರುತ್ತಾರೆ.

ಅಮ್ಮನ ತವರು ಮೂಡಬಿದಿರೆ. ಬೇಸಿಗೆ ರಜೆಯೆಲ್ಲ ಅಲ್ಲೇ. ನಾವು ಜೈನರು, ಅಜ್ಜಿಯ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಊಟ ಮುಗಿಯಲೇಬೇಕು. ಸಂಜೆಯಾಯಿತೆಂದರೆ ನಮಗೂ ಸೂರ್ಯನಿಗೂ ಓಟದ ಪಂದ್ಯ. ಆಟ ಬಿಟ್ಟು ಬರಲು ಮನಸ್ಸಿಲ್ಲದ ನಾವು ಹತ್ತು ಹನ್ನೆರಡು ಮಕ್ಕಳು ಕೊನೆಯ ಗಳಿಗೆಯಲ್ಲಿ ಕೈಕಾಲು ತೊಳೆದು ಸಾಲಾಗಿ ಕೂರುತ್ತಿದ್ದೆವು. ಅಜ್ಜಿ ಒಂದು ಕಣ್ಣು ಪಡುವಣದ ಕಡೆಗೆ, ಒಂದು ಕಣ್ಣು ನಮ್ಮ ಬಟ್ಟಲಿನ ಕಡೆಗೆ ಇಟ್ಟು ಬಡಿಸುತ್ತಿದ್ದರು. ಹಾಗಾಗಿ ನಮ್ಮ ಮನೆಯ ಮಕ್ಕಳು ಯಾರೂ ಹಸಿದ ಹೊಟ್ಟೆಯಲ್ಲಿ ಚಂದ್ರನನ್ನು ನೋಡಿದವರಲ್ಲ. ಹಸಿದವರಿಗೆ ಅವನು ದೋಸೆಯ ಹಾಗೆ ಕಾಣುತ್ತಾನಂತೆ. ನಮಗೆ ಯಾವಾಗಲೂ ಚಂದ್ರನ ಹಾಗೆಯೇ ಕಂಡ.

ಅಂಥ ಒಂದು ಸಂಜೆ ಜಗಲಿಯಲ್ಲಿ ಮಲಗಿಕೊಂಡು ಅಜ್ಜಿಯನ್ನು ಕೇಳಿದ್ದೆ, ಅವನು ಯಾಕೆ ಬೀಳುವುದಿಲ್ಲ ಎಂದು. "ಯಾರೋ ಕಟ್ಟಿಟ್ಟಿದ್ದಾರೆ ಮಗಾ" ಎಂದರು. ನಾನು ಬಿಡುತ್ತೇನೆಯೇ? ಹಗ್ಗದಂಗಡಿಯ ಮಗಳು. "ಯಾವ ಹಗ್ಗದಲ್ಲಿ?" ಎಂದೆ. "ಅದನ್ನು ನಿನ್ನ ಅಪ್ಪನನ್ನು ಕೇಳು" ಎಂದು ಅಜ್ಜಿ ಎದ್ದು ಒಳಗೆ ಹೋದರು. ರಜೆ ಮುಗಿದು ಕರೆದುಕೊಂಡು ಹೋಗಲು ಅಪ್ಪ ಬಂದಾಗ ಕೇಳಿಯೇ ಬಿಟ್ಟೆ. ಅಪ್ಪ ಅಂಗಳಕ್ಕೆ ಇಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ಆಕಾಶವನ್ನು ಪರೀಕ್ಷಿಸಿದರು.

"ನಮ್ಮಲ್ಲಿಂದ ಕೊಂಡುಹೋದದ್ದಲ್ಲ" ಎಂದರು.

ಇಷ್ಟೆಲ್ಲ ಹಗ್ಗದ ನಡುವೆ ಬೆಳೆದವಳು ಲೆಕ್ಕದಲ್ಲಿ ಜಾಣೆಯಾಗಬೇಕಿತ್ತು. ಆಗಲಿಲ್ಲ. ಅದಕ್ಕೆ ಕಾರಣ ಒಂದು ಬಾವಿ. ಆರನೆಯ ತರಗತಿಯಲ್ಲಿ ನಮ್ಮ ಮಾಷ್ಟ್ರು ಬೋರ್ಡಿನಲ್ಲಿ ಒಂದು ಲೆಕ್ಕ ಬರೆದರು. ಬಾವಿಯಲ್ಲಿ ನೀರು ಹನ್ನೆರಡು ಮೀಟರ್ ಆಳದಲ್ಲಿದೆ, ಸೇದಲು ಎಷ್ಟು ಉದ್ದದ ಹಗ್ಗ ಬೇಕು? ಅದರ ಮುಂದೆ ಇನ್ನೇನೋ ಗುಣಾಕಾರ ಇತ್ತು, ಅದು ಈಗ ಮರೆತಿದೆ. ನನ್ನನ್ನು ಬೋರ್ಡಿಗೆ ಕರೆದರು. ನಾನು ಧೈರ್ಯವಾಗಿ ಹದಿನಾಲ್ಕು ಎಂದು ಬರೆದೆ. ಕೊಡಪಾನದ ಕೊರಳಿಗೆ ಗಂಟು ಹಾಕಬೇಕಲ್ಲ? ಕೈಯಲ್ಲಿ ಹಿಡಿದುಕೊಳ್ಳಲು ಬೇಕಲ್ಲ? ಮಾಷ್ಟ್ರು ಅದಕ್ಕೆ ಅಡ್ಡಗೀಟು ಹಾಕಿ, "ಹಗ್ಗದಂಗಡಿಯವರ ಬುದ್ಧಿ ನೋಡಿ, ಎರಡು ಮೀಟರ್ ಜಾಸ್ತಿ ಮಾರ್ತಾಳೆ!" ಎಂದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿಯೆಲ್ಲ ಬಿಸಿಯಾದದ್ದು ಈಗಲೂ ನೆನಪಿದೆ. ಮನೆಯಲ್ಲಿ ಹೇಳಲಿಲ್ಲ. ಅಪ್ಪನನ್ನು ಸೇರಿಸಿ ನಕ್ಕರಲ್ಲ, ಅದನ್ನು ಅಪ್ಪನಿಗೆ ಹೇಗೆ ಹೇಳುವುದು? ಆ ದಿನವೇ ತೀರ್ಮಾನ ಮಾಡಿದೆ, ಇನ್ನು ಜನ್ಮದಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುವುದಿಲ್ಲ ಎಂದು. ಕನ್ನಡ ಟೀಚರ್ ಆದದ್ದರ ಹಿಂದೆ ಸಾಹಿತ್ಯಪ್ರೇಮದ ಜೊತೆ ಈ ಭಯವೂ ಸಾಕಷ್ಟು ಇತ್ತು.

ಕಳೆದ ವರ್ಷದವರೆಗೂ ನನ್ನ ತೀರ್ಮಾನ ನಡೆಯಿತು. ಆಮೇಲೆ ನಮ್ಮ ಶಾಲೆಯ ವಿಜ್ಞಾನದ ವಿನಯಾ ಟೀಚರ್ ಹೆರಿಗೆ ರಜೆಯಲ್ಲಿ ಹೋದರು. ಹೆಡ್‌ಮಾಷ್ಟ್ರು ನನ್ನನ್ನು ಕೋಣೆಗೆ ಕರೆದು ಕುರ್ಚಿ ಕೊಟ್ಟರು. ಅವರು ಕುರ್ಚಿ ಕೊಟ್ಟರೆ ಏನೋ ಕೆಲಸ ಬರುತ್ತದೆ ಎಂದು ನಮಗೆಲ್ಲ ಗೊತ್ತು.

"ಒಂಬತ್ತನೆಯ ತರಗತಿಯ ವಿಜ್ಞಾನ ಸ್ವಲ್ಪ ದಿನ ನೀವು ನೋಡಿಕೊಳ್ಬೇಕು ಟೀಚರ್."

"ನಾನು ಕನ್ನಡದವಳು ಸರ್!"

"ವಿಜ್ಞಾನದ ಪುಸ್ತಕ ಕೂಡ ಕನ್ನಡದಲ್ಲೇ ಉಂಟಲ್ಲ" ಎಂದರು. ಅವರ ಹತ್ತಿರ ಮಾತಾಡಿ ಗೆದ್ದವರಿಲ್ಲ.

ಅಂಗಾಂಶದ ಪಾಠವನ್ನು ಹೇಗೋ ದಾಟಿದೆ. ಚಿತ್ರ ಬರೆಸಿ, ಹೆಸರು ಬರೆಸಿ, ಮಧ್ಯೆ ಒಂದೆರಡು ಸಂಧಿ ಬಿಡಿಸಿ ಕಾಲ ಹಾಕಿದೆ. ಆಮೇಲೆ ಗುರುತ್ವಾಕರ್ಷಣೆ ಬಂತು. ಲೋಕದಲ್ಲಿ ಯಾವ ಎರಡು ವಸ್ತುಗಳೂ ಒಂದನ್ನೊಂದು ಎಳೆಯುತ್ತವೆ ಎಂದು ಓದಿದಾಗ ಇದು ನನ್ನದೇ ಪಾಠ ಎಂದು ಹಿಗ್ಗಿದೆ. ಎಷ್ಟು ಎಳೆಯುತ್ತವೆ ಎಂಬ ಸೂತ್ರ ನೋಡಿ ಹಿಗ್ಗು ಇಳಿಯಿತು. ಎರಡರ ದ್ರವ್ಯರಾಶಿಯನ್ನೂ ಗುಣಿಸಬೇಕು, ಅದನ್ನು ಸ್ಥಿರಾಂಕ ಎಂಬ ಒಂದು ಬಹಳ ಸಣ್ಣ ಸಂಖ್ಯೆಯಿಂದ ಗುಣಿಸಬೇಕು, ಆಮೇಲೆ ನಡುವಿನ ದೂರವನ್ನು ದೂರದಿಂದಲೇ ಗುಣಿಸಿ ಅದರಿಂದ ಭಾಗಿಸಬೇಕು. ಭೂಮಿಗೂ ಚಂದ್ರನಿಗೂ ಇದನ್ನು ಲೆಕ್ಕ ಹಾಕಿ ತೋರಿಸಬೇಕು.

"ದೂರ ಎಂದರೆ ಎಲ್ಲಿಂದ ಎಲ್ಲಿಗೆ ಮಕ್ಕಳೇ?" ಎಂದು ಕೇಳಿದೆ.

"ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ಟೀಚರ್!" ಎಂದಿತು ಹಿಂದಿನ ಬೆಂಚು.

ಕೇಂದ್ರದಿಂದ ಕೇಂದ್ರಕ್ಕೆ ಎಂದು ತಿದ್ದಿದೆ. ತಿದ್ದುವಾಗ, ಹಾಗಾದರೆ ಬಂಟ್ವಾಳದ ಕೇಂದ್ರ ನಮ್ಮ ಪೇಟೆಯೋ ಬಿ.ಸಿ. ರೋಡೋ ಎಂಬ ಹಳೆಯ ಸಿಟ್ಟು ನೆನಪಾಗಿ ಹತ್ತು ನಿಮಿಷ ಅದರಲ್ಲೇ ಹೋಯಿತು. ಮಕ್ಕಳಿಗೆ ಒಳ್ಳೆಯ ಮನರಂಜನೆ. ಭೂಮಿಯ ಪುಣ್ಯ, ಅದಕ್ಕೆ ಒಂದೇ ಕೇಂದ್ರ.

ಪುಸ್ತಕದಲ್ಲಿ ಲೆಕ್ಕವನ್ನು ಬಿಡಿಸಿಯೇ ಕೊಟ್ಟಿದ್ದಾರೆ. ಆದರೆ ಅದನ್ನು ನೋಡಿ ಬೋರ್ಡಿಗೆ ಇಳಿಸಿದರೆ ಆರನೆಯ ತರಗತಿಯ ಆ ಹುಡುಗಿಗೆ ನ್ಯಾಯ ಸಿಗುವುದು ಹೇಗೆ? ಪುಸ್ತಕ ಮುಚ್ಚಿಟ್ಟು, ಬೇಕಾದ ಸಂಖ್ಯೆಗಳನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಶುಕ್ರವಾರ ಚಾಕ್‌ಪೀಸ್ ಹಿಡಿದೆ. ಭೂಮಿಯನ್ನು ಬರೆದೆ, ಚಂದ್ರನನ್ನು ಬರೆದೆ, ದೂರ ಮೂರು ಲಕ್ಷದ ಎಂಬತ್ತನಾಲ್ಕು ಸಾವಿರ ಎಂದು ಬರೆದೆ. ಗುಣಿಸಿದೆ, ಭಾಗಿಸಿದೆ, ಸೊನ್ನೆಗಳನ್ನು ಎಣಿಸಿದೆ. ಬೋರ್ಡು ತುಂಬಿತು. ಕೊನೆಯಲ್ಲಿ ಎರಡರ ಮುಂದೆ ಇಪ್ಪತ್ತಾರು ಸೊನ್ನೆ ಬರುವಷ್ಟು ನ್ಯೂಟನ್ ಎಂದು ಉತ್ತರ ಬರೆದು, ಸುತ್ತ ಒಂದು ಚೌಕ ಹಾಕಿ, ಕೈ ಝಾಡಿಸಿಕೊಂಡೆ. ಸತ್ಯ ಹೇಳುತ್ತೇನೆ, ಮದುವೆಯ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಮೂರನೆಯ ಬೆಂಚಿನಲ್ಲಿ ಮಿಸ್ರಿಯಾ ಎದ್ದು ನಿಂತಳು. ಕರೆದರೆ ಮಾತ್ರ ಮಾತಾಡುವ ಹುಡುಗಿ, ಅದೂ ಬಾಯಿಯೊಳಗೆ. ಲೆಕ್ಕ ತನಗೆ ಆಗುವುದಿಲ್ಲ ಎಂದು ವರ್ಷದ ಆರಂಭದಲ್ಲೇ ನನ್ನ ಹತ್ತಿರ ಹೇಳಿಕೊಂಡಿದ್ದಳು. ನಾನು, ನನಗೂ ಹಾಗೆಯೇ ಎಂದು ಸಮಾಧಾನ ಮಾಡಿದ್ದೆ.

"ಟೀಚರ್, ಪುಸ್ತಕದಲ್ಲಿ ಇಪ್ಪತ್ತೇ ಸೊನ್ನೆ ಉಂಟು. ನಾನು ಮಾಡುವಾಗಲೂ ಇಪ್ಪತ್ತೇ ಬಂತು."

ನಾನು ಬೋರ್ಡು ನೋಡಿದೆ. ತಪ್ಪು ಎಲ್ಲಿ ಎಂದು ಕಾಣಲಿಲ್ಲ. ನಲವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಕಿವಿ ಬಿಸಿಯಾಗತೊಡಗಿತು. ಆಗ ನನ್ನ ಬಾಯಿಂದ ಬಂದ ಮಾತನ್ನು ನಿಮಗೆ ಹೇಳಲು ಈಗಲೂ ನಾಚಿಕೆ.

"ಅದು ಪುಸ್ತಕದ ಅಚ್ಚಿನ ತಪ್ಪು. ನಿನ್ನದನ್ನು ಹೊಡೆದುಹಾಕಿ ಬೋರ್ಡಿನದ್ದು ಬರ್ಕೋ."

ಅವಳು ಕೂತಳು. ಸ್ಕೇಲ್ ಇಟ್ಟು ನೇರವಾಗಿ ಒಂದು ಗೀಟು ಎಳೆದದ್ದು ನನಗೆ ಕಂಡಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, "ಟೀಚರ್, ಭೂಮಿ ಜಾಸ್ತಿ ಎಳೆಯುದಾ, ಚಂದ್ರ ಜಾಸ್ತಿ ಎಳೆಯುದಾ?" ಎಂಬ ಪ್ರಶ್ನೆ ಬಂತು. ಗಂಟೆ ಹೊಡೆದು ನನ್ನನ್ನು ಕಾಪಾಡಿತು. "ಸೋಮವಾರ ಹೇಳುವ" ಎಂದು ಹೊರಗೆ ಓಡಿದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಬಂಟ್ವಾಳಕ್ಕೆ ಇಳಿಯುವುದು ರೂಢಿ. ಪುಂಜಾಲಕಟ್ಟೆಯ ತಿರುವುಗಳಲ್ಲಿ ಬಸ್ಸು ವಾಲುವಾಗಲೆಲ್ಲ ಆ ಗೀಟು ಕಣ್ಣ ಮುಂದೆ ಬರುತ್ತಿತ್ತು. ನನಗೆ ಗೀಟು ಹಾಕಿದ ಮಾಷ್ಟ್ರನ್ನು ನಲವತ್ತು ವರ್ಷ ಮನಸ್ಸಿನಲ್ಲೇ ಬೈದವಳು ನಾನು. ಈಗ ಅವರ ಕುರ್ಚಿಯಲ್ಲಿ ಕೂತದ್ದು ಯಾರು? ಅವರಾದರೋ ಪಾಪ, ತಮ್ಮ ಕೈಯಿಂದಲೇ ಗೀಟು ಹಾಕಿದ್ದರು. ನಾನು ಅವಳ ಕೈಯಿಂದಲೇ ಹಾಕಿಸಿದೆ.

ಅಪ್ಪ ಈಗಲೂ ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಊಟ ಮುಗಿಸಿ ಹೊಳೆಯ ಬದಿಯ ಜಗಲಿಯಲ್ಲಿ ಕೂತಿದ್ದರು. ಹುಣ್ಣಿಮೆಗೆ ಎರಡು ದಿನ ಇತ್ತು, ಇನ್ನೂ ಬೆಳಕು ಇರುವಾಗಲೇ ಚಂದ್ರ ಬಂದಾಗಿತ್ತು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅಪ್ಪನ ಮಾತಿನ ಅರ್ಧ ಖಾರ ದಾರಿಯಲ್ಲೇ ಸೋರಿಹೋಗಿದ್ದರೆ ಕ್ಷಮಿಸಿ. ಐದನೆಯ ತರಗತಿಗೆ ಶಾಲೆ ಬಿಟ್ಟ ಅವರಿಗೆ ನನ್ನ ಲೆಕ್ಕವನ್ನು ಹೇಳುವುದು ಸುಲಭವಿರಲಿಲ್ಲ. ಚಂದ್ರನನ್ನು ಹಿಡಿದಿರುವ ಹಗ್ಗದ ಬಿಗಿ ಎಷ್ಟು ಎಂದು ನೋಡುವ ಲೆಕ್ಕ ಅಪ್ಪ ಎಂದೆ. ಅವರ ಬೆನ್ನು ನೆಟ್ಟಗಾಯಿತು.

"ಎಂತೆಂತ ಹಾಕಿದ್ದೀ ಅದರಲ್ಲಿ, ಒಂದೊಂದೇ ಹೇಳು."

"ಭೂಮಿಯ ಭಾರ ಉಂಟು, ಚಂದ್ರನ ಭಾರ ಉಂಟು. ಅದು ಎರಡೂ ಕಿಲೋದಲ್ಲಿ. ಮತ್ತೆ ಒಂದು ಸಣ್ಣ ಸಂಖ್ಯೆ ಉಂಟು, ದೊಡ್ಡವರು ಅಳೆದು ಇಟ್ಟದ್ದು."

"ಅವರು ಯಾವ ಮಾರಿನಲ್ಲಿ ಅಳೆದದ್ದು?"

"ಮಾರು ಅಲ್ಲಪ್ಪ, ಮೀಟರಿನಲ್ಲಿ."

"ಆಯ್ತು. ಚಂದ್ರನ ದೂರ ಎಷ್ಟು ಹಾಕಿದ್ದೀ?"

"ಮೂರು ಲಕ್ಷದ ಎಂಬತ್ತನಾಲ್ಕು ಸಾವಿರ ಕಿಲೋಮೀಟರ್."

ಅಪ್ಪ ನನ್ನನ್ನು ನೋಡಿದರು. ಕನ್ಯಾನದವರು ಕೊಡಪಾನ ಹಿಡಿದು ಬಂದ ದಿನ ಮೋನಪ್ಪಣ್ಣನನ್ನು ನೋಡಿದ್ದ ಹಾಗೆ ನೋಡಿದರು.

"ಒಂದು ಮೀಟರಿನಲ್ಲಿ ಸುರು ಮಾಡಿ ಇನ್ನೊಂದು ಕಿಲೋಮೀಟರಿನಲ್ಲಿ ಮುಗಿಸಿದ್ರೆ ಕೊಡಪಾನ ನೀರಿಗೆ ಮುಟ್ಟುತ್ತದಾ ಮಾರಾಯ್ತಿ?"

ನಾನು ಹಣೆ ಚಚ್ಚಿಕೊಂಡೆ. ಒಬ್ಬರ ಕೈಯಲ್ಲಿ ಸುರುವಾದ ಹಗ್ಗ ಅವರ ಕೈಯಲ್ಲೇ ಮುಗಿಯಬೇಕು! ಆ ಕಾನೂನಿನ ನೆರಳಿನಲ್ಲೇ ಬೆಳೆದವಳು ಚಂದ್ರನ ವಿಷಯದಲ್ಲಿ ಮರೆತೆನಲ್ಲ. ಕಿಲೋಮೀಟರನ್ನು ಮೀಟರ್ ಮಾಡಿದರೆ ದೂರ ಸಾವಿರ ಪಟ್ಟು, ಅದನ್ನು ಅದರಿಂದಲೇ ಗುಣಿಸಿದರೆ ಹತ್ತು ಲಕ್ಷ ಪಟ್ಟು. ನನ್ನ ಉತ್ತರದಲ್ಲಿ ಜಾಸ್ತಿಯಾಗಿದ್ದದ್ದು ಸರಿಯಾಗಿ ಆ ಆರು ಸೊನ್ನೆ. ಮಿಸ್ರಿಯಾಳದ್ದು ಸರಿ. ಪುಸ್ತಕ ಅಚ್ಚು ಮಾಡಿದವರದ್ದೂ ಸರಿ. ಫೋನಿನಲ್ಲಿ ಮತ್ತೆ ಲೆಕ್ಕ ಮಾಡಿ, ಇಪ್ಪತ್ತು ಸೊನ್ನೆ ಬಂದಾಗ ಜಗಲಿಯಲ್ಲಿ ಕೂತಲ್ಲೇ ಚಪ್ಪಾಳೆ ಹೊಡೆದೆ.

ಅಪ್ಪನಿಗೆ ಈಗ ಉತ್ಸಾಹ ಬಂದಿತ್ತು. "ನಮ್ಮ ದಪ್ಪದ ಹಗ್ಗ ಒಂದು ಟನ್ ತಡೆಯುತ್ತದೆ ಅಂತ ಇಟ್ಟುಕೊಳ್ಳುವ. ಅಂಥದ್ದು ಎಷ್ಟು ಬೇಕಾದೀತು?"

ಮತ್ತೆ ಫೋನು ಒತ್ತಿದೆ. "ಇನ್ನೂರು ಕೋಟಿಯನ್ನು ಒಂದು ಕೋಟಿಯಿಂದ ಗುಣಿಸಿದಷ್ಟು ಅಪ್ಪ. ಒಂದೊಂದೂ ನಿಮ್ಮ ಕೈಯಲ್ಲಿ ಇಪ್ಪತ್ತನಾಲ್ಕು ಕೋಟಿ ಮಾರು."

ಅವರು ಹೊಳೆಯ ಕಡೆ ನೋಡುತ್ತಾ ಯೋಚಿಸಿದರು. ಆಮೇಲೆ ತುಂಬ ಗಂಭೀರವಾಗಿ ಹೇಳಿದರು. "ಅಷ್ಟು ಸ್ಟಾಕ್ ಇಲ್ಲ. ಇದ್ದರೂ ಕೊಡ್ಲಿಕ್ಕಾಗ್ತಿರಲಿಲ್ಲ, ಅಷ್ಟು ಉದ್ದದ ಹಗ್ಗ ತನ್ನ ಭಾರಕ್ಕೇ ತುಂಡಾಗ್ತದೆ."

ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಆ ನಗುವಿನ ಧೈರ್ಯದಲ್ಲೇ ಬಾವಿಯ ಲೆಕ್ಕವನ್ನೂ ಹೇಳಿಬಿಟ್ಟೆ. ನಲವತ್ತು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡದ್ದು. ಹನ್ನೆರಡು ಮೀಟರ್, ಹದಿನಾಲ್ಕು, ಅಡ್ಡಗೀಟು, ಹಗ್ಗದಂಗಡಿಯವರ ಬುದ್ಧಿ. ಅಪ್ಪನಿಗೆ ಬೇಸರವಾದೀತು, ಇಲ್ಲವೇ ಆ ಮಾಷ್ಟ್ರ ಮೇಲೆ ಸಿಟ್ಟಾದರೂ ಬಂದೀತು ಎಂದುಕೊಂಡಿದ್ದೆ.

"ಹದಿನಾಲ್ಕಾ?" ಎಂದರು ಅಪ್ಪ. "ಎಲ್ಲಿ ಸಾಕಾಗ್ತದೆ? ಹದಿನೈದು ಬೇಕು. ರಾಟೆ ಬಾವಿಕಟ್ಟೆಗಿಂತ ಮೇಲೆ ಉಂಟಲ್ಲ, ಅದಕ್ಕೆ ಯಾರು ಹಾಕುದು? ನಿನ್ನದೂ ತಪ್ಪೇ ಮಗಾ."

ಹಾಗೆ ಒಂದೇ ಸಂಜೆಯಲ್ಲಿ ನನ್ನ ಎರಡು ಲೆಕ್ಕ ತಪ್ಪಾದವು. ಅದರಲ್ಲಿ ಎರಡನೆಯದು ತಪ್ಪಾದಾಗ ನನಗಾದ ಹಗುರವನ್ನು ಹೇಗೆ ಹೇಳಲಿ? ಸೋಮವಾರದ ಪ್ರಶ್ನೆಯೊಂದು ಬಾಕಿ ಇತ್ತು. ಭೂಮಿ ಜಾಸ್ತಿ ಎಳೆಯುತ್ತದೋ ಚಂದ್ರನೋ ಎಂದು ಕೇಳಿದೆ. ಅಪ್ಪ ಎದ್ದುಹೋಗಿ ಅಂಗಡಿಯಿಂದ ಹುರಿಹಗ್ಗ ತಂದು, ಎದೆ ಅಗಲಿಸಿ ಒಂದು ಮಾರು ಅಳೆದು ಕತ್ತರಿಸಿದರು. ಒಂದು ತುದಿ ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾವು ಹಿಡಿದು ಎಳೆದರು.

"ನಿನ್ನ ಬದಿಯಲ್ಲಿ ಒಂದು ಬಿಗಿ, ನನ್ನ ಬದಿಯಲ್ಲಿ ಒಂದು ಬಿಗಿ ಅಂತ ಹಗ್ಗಕ್ಕೆ ಉಂಟಾ? ಇಡೀ ಹಗ್ಗಕ್ಕೆ ಒಂದೇ ಬಿಗಿ."

ಪುಸ್ತಕ ತೆರೆದು ನೋಡಿದೆ. ಅಲ್ಲಿಯೂ ಅದನ್ನೇ ಹೇಳಿದ್ದರು, ಸ್ವಲ್ಪ ಕಷ್ಟದ ಕನ್ನಡದಲ್ಲಿ.

ಸೋಮವಾರ ತರಗತಿಗೆ ಹೋದವಳು ಮೊದಲು ಬೋರ್ಡಿನಲ್ಲಿ ನನ್ನ ಹಳೆಯ ಉತ್ತರವನ್ನು ದೊಡ್ಡದಾಗಿ ಬರೆದೆ. ಕೆಂಪು ಚಾಕ್‌ಪೀಸಿನಲ್ಲಿ ಅದಕ್ಕೆ ಅಡ್ಡಗೀಟು ಹಾಕಿದೆ. "ಅಚ್ಚಿನ ತಪ್ಪು ಅಲ್ಲ ಮಕ್ಕಳೇ, ನನ್ನ ತಪ್ಪು. ಕಿಲೋಮೀಟರನ್ನು ಮೀಟರ್ ಮಾಡ್ಲಿಕ್ಕೆ ಮರೆತೆ. ಮಿಸ್ರಿಯಾ ಮಾಡಿದ್ದು ಸರಿ" ಎಂದೆ. ಕಿವಿ ಬಿಸಿಯಾಗುತ್ತದೆಂದು ಕಾದೆ, ಆಗಲಿಲ್ಲ. ಮಕ್ಕಳು ನಗಲೂ ಇಲ್ಲ, ಎಲ್ಲರೂ ತಿರುಗಿ ಮಿಸ್ರಿಯಾಳನ್ನು ನೋಡಿದರು. ನಾನು ಅವಳ ಬೆಂಚಿಗೆ ಹೋಗಿ ನೋಟ್‌ಬುಕ್ ತೆಗೆದುಕೊಂಡೆ. ಅವಳ ಲೆಕ್ಕ ಅಚ್ಚುಕಟ್ಟಾಗಿ ಇತ್ತು. ಮೊದಲ ಸಾಲಿನಲ್ಲೇ ಕಿಲೋಮೀಟರು ಮೀಟರಾಗಿತ್ತು. ಅದರ ಮೇಲೆ ನೇರವಾದ ಒಂದು ಗೀಟು. ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ, 'ಅಚ್ಚಿನ ತಪ್ಪು.'

"ನಿನಗೆ ಗೊತ್ತಿತ್ತಲ್ಲ ನನ್ನದು ತಪ್ಪು ಅಂತ?"

ತಲೆ ಆಡಿಸಿದಳು.

"ಮತ್ತೆ ನಾನು ಅಚ್ಚಿನ ತಪ್ಪು ಅಂದಾಗ ಯಾಕೆ ಸುಮ್ಮನೆ ಕೂತೆ?"

"ನೀವು ಅಷ್ಟು ಖುಷಿಯಲ್ಲಿ ಚೌಕ ಹಾಕಿದ್ರಿ ಟೀಚರ್."

ಗೀಟನ್ನು ರಬ್ಬರಿನಿಂದ ನಾನೇ ಉಜ್ಜಿದೆ. ಪೆನ್ನಿನ ಗೀಟು, ಪೂರ್ತಿ ಹೋಗಲಿಲ್ಲ. ಅವಳು, ಇರಲಿ ಬಿಡಿ ಟೀಚರ್, ಕಾಗದ ಹರಿಯುತ್ತದೆ ಎಂದಳು.

ಆಮೇಲೆ ಅಪ್ಪನ ಹಗ್ಗ ಹೊರಗೆ ಬಂತು. ಪ್ರಯೋಗಶಾಲೆಯ ಎರಡು ಸ್ಪ್ರಿಂಗ್ ತಕ್ಕಡಿಗಳನ್ನು ಅದರ ಎರಡು ತುದಿಗೆ ಕಟ್ಟಿದೆ. ಚಂದ್ರನಾಗಿ ಮಿಸ್ರಿಯಾ ನಿಂತಳು. ಭೂಮಿ ಯಾರು ಎಂದು ಹುಡುಕುವಾಗ ವರಾಂಡದಲ್ಲಿ ನಮ್ಮ ಹೆಡ್‌ಮಾಷ್ಟ್ರು ಹಾದುಹೋಗುತ್ತಿದ್ದರು. ಅವರಿಗಿಂತ ಒಳ್ಳೆಯ ಭೂಮಿ ಶಾಲೆಯಲ್ಲಿ ಇನ್ನೊಂದಿಲ್ಲ. ಕರೆದ ಕೂಡಲೇ ಬಂದರು. ತಾವು ಎಷ್ಟು ಎಳೆದರೂ ತಮ್ಮ ಮುಳ್ಳೂ ಆ ಹುಡುಗಿಯ ಮುಳ್ಳೂ ಒಂದೇ ಸಂಖ್ಯೆಯಲ್ಲಿ ನಿಲ್ಲುವುದನ್ನು ನೋಡಿ ಅವರಿಗೆ ಅನುಮಾನ ಬಂತು. "ಇದು ಹಾಳಾಗಿದೆ" ಎಂದು ತಕ್ಕಡಿ ಬದಲಿಸಿದರು. ಆಗಲೂ ಒಂದೇ. ತುದಿ ಬದಲಿಸಿದರು. ಆಗಲೂ ಒಂದೇ. ಮಕ್ಕಳ ಬೊಬ್ಬೆಗೆ ಪಕ್ಕದ ತರಗತಿಯವರು ಕಿಟಕಿಗೆ ಬಂದರು. ಕೊನೆಗೆ ಹೆಡ್‌ಮಾಷ್ಟ್ರು ಬೆವರು ಒರೆಸಿಕೊಂಡು, "ಚಂದ್ರ ಸಾಮಾನ್ಯದವನಲ್ಲ ಮಾರಾಯ್ರೆ" ಎಂದು ಹೊರಟರು.

ಗಂಟೆ ಹೊಡೆಯಲು ಐದು ನಿಮಿಷ ಇತ್ತು. ನನಗೆ ಏನು ತೋಚಿತೋ, ಬೋರ್ಡು ಒರೆಸಿ ಬಾವಿಯ ಚಿತ್ರ ಬರೆದೆ. ನೀರು ಹನ್ನೆರಡು ಮೀಟರ್ ಆಳದಲ್ಲಿದೆ, ಸೇದಲು ಎಷ್ಟು ಹಗ್ಗ ಬೇಕು? ಹಿಂದಿನ ಬೆಂಚು ಒಟ್ಟಿಗೆ, "ಹನ್ನೆರಡು!" ಎಂದು ಕೂಗಿತು. ಒಬ್ಬ ಇಪ್ಪತ್ತನಾಲ್ಕು ಎಂದ. ಹೋಗಲಿಕ್ಕೆ ಹನ್ನೆರಡು, ಬರಲಿಕ್ಕೆ ಹನ್ನೆರಡಂತೆ. ನಾನು ಮಿಸ್ರಿಯಾಳ ಕಡೆಗೆ ನೋಡಿದೆ. ಕರೆಯಲಿಲ್ಲ, ಸುಮ್ಮನೆ ನೋಡಿದೆ. ಅವಳು ತಾನಾಗಿಯೇ ಎದ್ದಳು.

"ರಾಟೆ ಎಷ್ಟು ಎತ್ತರದಲ್ಲಿ ಉಂಟು ಟೀಚರ್?"

ನಾನು ಬೋರ್ಡಿಗೆ ಒರಗಿ ನಿಂತುಬಿಟ್ಟೆ. ನಲವತ್ತು ವರ್ಷ ಹಿಂದೆ ಆ ಬೋರ್ಡಿನ ಮುಂದೆ ಕಿವಿ ಬಿಸಿ ಮಾಡಿಕೊಂಡು ನಿಂತ ಹುಡುಗಿಗೆ ಇದು ಕೇಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಕೇಳಿಸಿತು ಎಂದೇ ನನಗೆ ಅನ್ನಿಸಿದ್ದು, ಬೆನ್ನಿಗೆಲ್ಲ ಚಾಕ್‌ಪೀಸಿನ ಪುಡಿ ಮೆತ್ತಿಕೊಂಡಿತ್ತು, ನಾನು ನಗುತ್ತಿದ್ದೆ.

ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನಿಗೆ ಫೋನು ಮಾಡಿ ಹೆಡ್‌ಮಾಷ್ಟ್ರ ಕಥೆಯಿಂದ ಹಿಡಿದು ರಾಟೆಯವರೆಗೆ ಎಲ್ಲ ಹೇಳಿದೆ.

"ನಾನು ಹದಿನೈದು ಅಂದೆ ಅಲ್ವಾ ಆವತ್ತು?"

"ಹೌದು."

"ರಾಟೆ ಎಷ್ಟು ಎತ್ತರ ಅಂತ ನಾನು ಕೇಳ್ಲೇ ಇಲ್ಲ." ಆಮೇಲೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಗುವಷ್ಟು ದೊಡ್ಡ ನಗು. "ಅರುವತ್ತು ವರ್ಷ ಹಗ್ಗ ಅಳೆದವ, ನಂದೂ ತಪ್ಪು ಮಾರಾಯ್ತಿ! ಆ ಹುಡುಗಿಗೆ ನನ್ನ ಲೆಕ್ಕದಲ್ಲಿ ಒಂದು ಮಾರು ಹಗ್ಗ ಕೊಡು."

"ಯಾರ ಮಾರು ಅಪ್ಪ? ನಿಮ್ಮದಾ, ನನ್ನದಾ?"

"ಅವಳದ್ದೇ" ಎಂದರು.